ಮೆದುಳಿನ ಫೋಟೋದಲ್ಲಿ ಕೆಂಪು ಜಾಸ್ತಿ ಇದ್ದರೆ ಮಗ ಜಾಣ ಅಂತಾನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಮುಧೋಳ ತಾಲೂಕಿನ ಕಬ್ಬು ಬೆಳೆಗಾರ. ಮಗ ಒಂಬತ್ತನೇ ಕ್ಲಾಸ್. ಎರಡು ಪರೀಕ್ಷೆಯಿಂದ ಗಣಿತದಲ್ಲಿ ಫೇಲ್ ಆಗುತ್ತಿದ್ದಾನೆ. ಆದರೆ ಇಷ್ಟು ಟನ್ ಕಬ್ಬು ಹೋಯಿತು, ಗ್ಯಾಂಗಿನವರಿಗೆ ಇಷ್ಟು ಕೊಡಬೇಕು ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ. ಬಾಗಲಕೋಟೆಯಲ್ಲಿ ಒಂದು ಕೋಚಿಂಗ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಎರಡು ಮೆದುಳಿನ ಫೋಟೋ ತೋರಿಸಿದರು. ಕೆಂಪು, ಹಳದಿ ತುಂಬಿದ್ದು ಜಾಣ ಮಗುವಿನದಂತೆ, ಪೂರ್ತಿ ನೀಲಿ ಇದ್ದದ್ದು ಹಿಂದೆ ಬಿದ್ದ ಮಗುವಿನದಂತೆ. ಆರು ತಿಂಗಳ ಕೋರ್ಸ್ ಮಾಡಿದರೆ ಮೆದುಳಿಗೆ ರಕ್ತ ಸಂಚಾರ ಹೆಚ್ಚಾಗಿ ನೀಲಿ ಇದ್ದದ್ದು ಕೆಂಪಾಗುತ್ತದೆ ಅಂದರು. ಫೀಸು ನಲವತ್ತು ಸಾವಿರ. ಸಾಲ ಮಾಡಿಯಾದರೂ ಕಟ್ಟೋಣ ಅಂತಾಳೆ ನಮ್ಮ ಮನೆಯಾಕೆ. ಬೆಳಗಾವಿಗೆ ಬಂದು ಆ ಸ್ಕ್ಯಾನ್ ಮಾಡಿಸಿದರೆ ಮಗನ ತಲೆ ಹೇಗಿದೆ ಅಂತ ಗೊತ್ತಾಗುತ್ತಾ? ರಕ್ತ ಜಾಸ್ತಿ ಹೋದರೆ ಬುದ್ಧಿ ಜಾಸ್ತಿ ಆಗುತ್ತಾ? ಯೋಚನೆ ಮಾಡುವಾಗ ತಲೆಯೊಳಗೆ ನಿಜವಾಗಲೂ ಬೆಳಕು ಹತ್ತುತ್ತಾ ಅಂತ ಮಗ ಕೇಳುತ್ತಿದ್ದಾನೆ. ಅದಕ್ಕೂ ಉತ್ತರ ಕೊಡಿ.

ಉತ್ತರ: ಮೊದಲು ಫೀಸಿನ ವಿಷಯ ಮುಗಿಸಿಬಿಡೋಣ. ಕಟ್ಟಬೇಡಿ. ಸಾಲ ಮಾಡಿಯಂತೂ ಖಂಡಿತ ಬೇಡ. ಅಂಥ ಫೋಟೋ ನೋಡಿ ಒಬ್ಬ ಹುಡುಗ ಜಾಣನೋ ಅಲ್ಲವೋ ಅಂತ ಹೇಳುವುದು ಅವರಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ, ಎಷ್ಟೇ ದೊಡ್ಡ ಲ್ಯಾಬಿನವರಿಂದಲೂ ಆಗಲ್ಲ. ಬೆಳಗಾವಿಯ ಎಂಆರ್‌ಐ ಕೋಣೆಗಳಲ್ಲಿ ಎರಡು ದಶಕ ಕಳೆದವನು ನಾನು. ಈ ಬಣ್ಣದ ಚಿತ್ರಗಳನ್ನು ನಾನೇ ಕೂತು ತಯಾರು ಮಾಡುತ್ತೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಯಾಕೆ ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಅವನದೇ.

ಬೆಳಕು ಹತ್ತುವುದಿಲ್ಲ ಮಗಾ. ತಲೆಬುರುಡೆಯೊಳಗೆ ಕತ್ತಲೆ. ಯೋಚನೆ ಮಾಡುವಾಗಲೂ ಕತ್ತಲೆಯೇ. ಆ ಕೆಂಪು, ಹಳದಿ ಎಲ್ಲ ಕಂಪ್ಯೂಟರ್ ಬಳಿದ ಬಣ್ಣ. ಮತ್ತೆ ಆ ಬಣ್ಣ ತೋರಿಸುವುದು ಯೋಚನೆಯನ್ನೂ ಅಲ್ಲ, ನರಕೋಶವನ್ನೂ ಅಲ್ಲ. ಅದು ತೋರಿಸುವುದು ರಕ್ತವನ್ನು. ಅದೂ ನೇರವಾಗಿ ಅಲ್ಲ, ಬಳಸಿಕೊಂಡು.

ಮೆದುಳು ಮೈತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ ಅಷ್ಟೇ. ಆದರೆ ನಾವು ಸುಮ್ನೆ ಕೂತಾಗಲೂ ಮೈಯೆಲ್ಲ ಬಳಸುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ 20 ಭಾಗ ಅದೊಂದಕ್ಕೇ ಬೇಕು. ಮನೆಯಲ್ಲಿ ಕಾಳು ಕೂಡಿಟ್ಟ ಹಾಗೆ ಅದು ಹೆಚ್ಚೇನನ್ನೂ ಕೂಡಿಟ್ಟುಕೊಳ್ಳುವುದಿಲ್ಲ, ಬಂದದ್ದನ್ನು ಬಂದ ಹಾಗೆ ತಿನ್ನುತ್ತದೆ. ಅದಕ್ಕೇ ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಪ್ರತಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಈ 50 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಜಾಸ್ತಿ ಹೋಗುತ್ತದೆ. ಇದು ಹೊಸ ಸಂಗತಿ ಅಲ್ಲ. 1880ರ ಹೊತ್ತಿಗೆ ಇಟಲಿಯ ಟ್ಯುರಿನ್‌ನಲ್ಲಿ ಆಂಜೆಲೊ ಮೊಸ್ಸೊ ಅನ್ನುವವರು ಬರ್ಟಿನೊ ಎಂಬ ರೈತನನ್ನು ಪರೀಕ್ಷೆ ಮಾಡುತ್ತಿದ್ದರು. ಅವನ ತಲೆಗೆ ಪೆಟ್ಟು ಬಿದ್ದು ಬುರುಡೆಯಲ್ಲಿ ತೂತಾಗಿತ್ತು, ಆ ತೂತಿನ ಮೇಲಿನ ಚರ್ಮದ ಕೆಳಗೆ ಮೆದುಳು ಬಡಿದುಕೊಳ್ಳುವುದು ಕಾಣುತ್ತಿತ್ತು. ಮೊಸ್ಸೊ ಅದರ ಮೇಲೆ ಒಂದು ಸಣ್ಣ ಉಪಕರಣ ಇಟ್ಟು ಬಡಿತವನ್ನು ಕಾಗದದ ಮೇಲೆ ಗೀಟು ಗೀಟಾಗಿ ಬರೆಸಿಕೊಂಡರು. ಮಧ್ಯಾಹ್ನ ಇಗರ್ಜಿಯ ಗಂಟೆ ಕೇಳಿಸಿದಾಗ ಮೆದುಳಿನ ಬಡಿತ ಜೋರಾಯಿತು, ಕೈಯ ನಾಡಿ ಮಾತ್ರ ಹಾಗೇ ಇತ್ತು. ಗಂಟೆ ಕೇಳಿ ಪ್ರಾರ್ಥನೆ ನೆನಪಾಯಿತೇನಪ್ಪ ಅಂತ ಕೇಳಿದಾಗ ಮತ್ತೆ ಜೋರಾಯಿತು. ಒಂದು ಗುಣಾಕಾರದ ಲೆಕ್ಕ ಕೊಟ್ಟಾಗಲೂ ಹಾಗೇ ಆಯಿತು. ನೋಡಿ, ಗಣಿತಕ್ಕೂ ಈ ವಿಷಯಕ್ಕೂ ಅಂದಿನಿಂದಲೇ ನಂಟು ಇದೆ. 1890ರಲ್ಲಿ ರಾಯ್ ಮತ್ತು ಶೆರಿಂಗ್‌ಟನ್ ಅನ್ನುವ ಇಬ್ಬರು ಇದಕ್ಕೊಂದು ಕಾರಣವನ್ನೂ ಮುಂದಿಟ್ಟರು: ಮೆದುಳಿಗೆ ತನಗೆ ಬೇಕಾದ ಕಡೆ ಬೇಕಾದಷ್ಟು ರಕ್ತ ಎಳೆದುಕೊಳ್ಳುವ ಏರ್ಪಾಡು ಅದರೊಳಗೇ ಇದೆ ಅಂತ.

ನನಗೆ ಇದಕ್ಕಿಂತ ಇಷ್ಟವಾದದ್ದು ವಾಲ್ಟರ್ ಕೆ. ಎಂಬ ರೋಗಿಯ ಕಥೆ. ಅಮೆರಿಕದಲ್ಲಿ ಇದ್ದ ನಾವಿಕ ಆತ. ತಲೆಯ ಹಿಂಭಾಗದಲ್ಲಿ ರಕ್ತನಾಳಗಳು ಗೋಜಲಾಗಿ ಗಂಟು ಕಟ್ಟಿದ್ದವು. ಮೆದುಳಿನ ಸರ್ಜನ್ ಹಾರ್ವೆ ಕುಶಿಂಗ್ ಆಪರೇಷನ್ ಮಾಡಿದರು, ಗಂಟು ತೆಗೆಯಲು ಆಗಲಿಲ್ಲ, ಬುರುಡೆಯಲ್ಲಿ ಒಂದು ಕಿಂಡಿ ಮಾತ್ರ ಉಳಿಯಿತು. ಆತನಿಗೆ ತಲೆಯೊಳಗೆ ಸುಯ್ ಅಂತ ಒಂದು ಸಪ್ಪಳ ಕೇಳುತ್ತಿತ್ತು. ಕಣ್ಣಿಟ್ಟು ಪೇಪರ್ ಓದಲು ಶುರು ಮಾಡಿದರೆ ಆ ಸಪ್ಪಳ ಜೋರಾಗುತ್ತಿತ್ತು. ತಂಬಾಕಿನ ವಾಸನೆ ನೋಡಿದರೆ ಏನೂ ಬದಲಾಗುತ್ತಿರಲಿಲ್ಲ. ನೋಟಕ್ಕೆ ಸಂಬಂಧಿಸಿದ ಭಾಗ ಇರುವುದು ಮೆದುಳಿನ ಹಿಂಭಾಗದಲ್ಲೇ. ಜಾನ್ ಫುಲ್ಟನ್ ಎಂಬ ಡಾಕ್ಟರು ಆ ಸಪ್ಪಳವನ್ನು ಯಂತ್ರದಲ್ಲಿ ದಾಖಲು ಮಾಡಿ 1928ರಲ್ಲಿ ಪ್ರಕಟಿಸಿದರು. ಒಬ್ಬ ರೋಗಿ ತನ್ನ ತಲೆಯ ಬಗ್ಗೆ ಹೇಳಿದ ಒಂದು ಮಾತನ್ನು ಡಾಕ್ಟರು ಕಿವಿಗೊಟ್ಟು ಕೇಳಿದ್ದರಿಂದ ಸಿಕ್ಕ ಜ್ಞಾನ ಇದು.

ಇನ್ನು ಎಂಆರ್‌ಐ ಇದನ್ನು ಹಿಡಿಯುವುದು ಹೇಗೆ ಅನ್ನುವುದು. ಎಂಆರ್‌ಐ ಅಂದರೆ ದೊಡ್ಡ ಮ್ಯಾಗ್ನೆಟ್ ಇರುವ ಸ್ಕ್ಯಾನ್ ಮಷಿನ್. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶ ಇದೆಯಲ್ಲ, ಅದು ಆಮ್ಲಜನಕ ಹೊತ್ತಿದ್ದಾಗ ಮ್ಯಾಗ್ನೆಟ್ಟಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆಮ್ಲಜನಕ ಇಳಿಸಿ ಖಾಲಿಯಾದಾಗ ಮಾತ್ರ ಅದೇ ಒಂದು ಪುಟ್ಟ ಮ್ಯಾಗ್ನೆಟ್ ತರ ವರ್ತಿಸಿ ಸುತ್ತಲಿನ ಸಿಗ್ನಲ್ ಕೆಡಿಸುತ್ತದೆ. ಈ ವ್ಯತ್ಯಾಸವನ್ನು ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಅದನ್ನು ಮೆದುಳಿನ ಚಿತ್ರಕ್ಕೆ ಬಳಸಬಹುದು ಅಂತ 1990ರಲ್ಲಿ ಇಲಿಗಳ ಮೇಲೆ ತೋರಿಸಿಕೊಟ್ಟವರು ಜಪಾನಿನ ಸೀಜಿ ಒಗಾವಾ, ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದವರು. 1992ರ ಹೊತ್ತಿಗೆ ಮನುಷ್ಯರ ಮೇಲೂ ಮಾಡಿದರು. ರಕ್ತದ ಆಮ್ಲಜನಕದ ಏರಿಳಿತ ತೋರಿಸುವ ಇದಕ್ಕೆ ಬೋಲ್ಡ್ ಸಿಗ್ನಲ್ ಅಂತಾರೆ. ಮೆದುಳು ಕೆಲಸ ಮಾಡುವುದನ್ನು ನೋಡುವ ಫಂಕ್ಷನಲ್ ಎಂಆರ್‌ಐ ಅಂದರೆ ಬಹುಪಾಲು ಇದೇ.

ಈಗ ನಿಮಗೆ ಒಂದು ಅನುಮಾನ ಬರಬೇಕು. ದುಡಿಯುವ ಭಾಗ ಆಮ್ಲಜನಕ ಜಾಸ್ತಿ ತಿಂದರೆ ಅಲ್ಲಿ ಖಾಲಿ ರಕ್ತ ಜಾಸ್ತಿಯಾಗಿ ಸಿಗ್ನಲ್ ಕಮ್ಮಿ ಆಗಬೇಕಲ್ವಾ? ಆಗುವುದು ಉಲ್ಟಾ. ಇದನ್ನು ನಿಮ್ಮ ಹೊಲದಲ್ಲೇ ನೋಡಬಹುದು. ಘಟಪ್ರಭಾ ಎಡದಂಡೆ ಕಾಲುವೆಯಿಂದ ನಿಮ್ಮ ಪಾಳಿ ಬಂದಾಗ ಗೇಟು ಎತ್ತುತ್ತೀರಿ. ಆ ಹೊತ್ತಿಗೆ ಕಬ್ಬಿನ ಬೇರು ಕುಡಿಯುವುದು ಸ್ವಲ್ಪ, ಸಾಲಿನಲ್ಲಿ ಹರಿದು ಬರುವ ನೀರು ಅದಕ್ಕಿಂತ ಎಷ್ಟೋ ಜಾಸ್ತಿ. ದೂರದ ದಿಬ್ಬದ ಮೇಲೆ ನಿಂತವನಿಗೆ ಬೇರು ಕಾಣುವುದಿಲ್ಲ, ಸಾಲಿನಲ್ಲಿ ಮಿಕ್ಕ ನೀರು ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಮೆದುಳಿನಲ್ಲೂ ಹೀಗೇ. 1980ರ ದಶಕದಲ್ಲಿ ಫಾಕ್ಸ್ ಮತ್ತು ರೈಕಲ್ ಎಂಬ ಸಂಶೋಧಕರು ಪೆಟ್ ಸ್ಕ್ಯಾನ್ (ಮೈಗೆ ಸ್ವಲ್ಪ ವಿಕಿರಣ ವಸ್ತು ಕೊಟ್ಟು ಅದು ಎಲ್ಲಿ ಸೇರುತ್ತದೆ ಅಂತ ನೋಡುವ ಸ್ಕ್ಯಾನ್) ಬಳಸಿ ಅಳೆದಾಗ, ಕಣ್ಣಿಗೆ ಕೆಲಸ ಕೊಟ್ಟರೆ ಆ ಭಾಗದ ರಕ್ತದ ಹರಿವು ನೂರಕ್ಕೆ 50ರಷ್ಟು ಏರಿತು, ಆಮ್ಲಜನಕದ ಬಳಕೆ ಏರಿದ್ದು ನೂರಕ್ಕೆ 5ರಷ್ಟು ಮಾತ್ರ. ಅಂದರೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ತಾಜಾ ರಕ್ತ ನುಗ್ಗಿ ಖಾಲಿ ರಕ್ತವನ್ನು ತೊಳೆದುಕೊಂಡು ಹೋಗುತ್ತದೆ. ಎಂಆರ್‌ಐ ನೋಡುವುದು ಆ ಮಿಕ್ಕ ನೀರಿನ ಹೊಳಪನ್ನು. ಗೇಟು ಎತ್ತಿದ ತಕ್ಷಣ ಸಾಲಿನ ತುದಿಗೆ ನೀರು ಮುಟ್ಟುವುದಿಲ್ಲ ಅಲ್ವಾ, ಹಾಗೆಯೇ ಇಲ್ಲೂ ತಡ ಇದೆ. ನರಕೋಶ ಕೆಲಸ ಮಾಡುವುದು ಸೆಕೆಂಡಿನ ಸಾವಿರದ ಭಾಗದ ಲೆಕ್ಕದಲ್ಲಿ, ರಕ್ತದ ಸಿಗ್ನಲ್ ತುದಿಗೆ ಏರಲು 5-6 ಸೆಕೆಂಡ್ ಬೇಕು. ನಾವು ನೋಡುವ ಹೊತ್ತಿಗೆ ಯೋಚನೆ ಮುಗಿದಿರುತ್ತದೆ.

ಮತ್ತೆ ಆ ಏರಿಕೆ ಎಷ್ಟು ಸಣ್ಣದು ಗೊತ್ತಾ? ನಮ್ಮ ಆಸ್ಪತ್ರೆಗಳಲ್ಲಿ ಇರುವಂಥ 1.5 ಅಥವಾ 3 ಟೆಸ್ಲಾ (ಮ್ಯಾಗ್ನೆಟ್ಟಿನ ಬಲದ ಅಳತೆ) ಮಷಿನ್‌ನಲ್ಲಿ ಸಿಗ್ನಲ್ ಬದಲಾಗುವುದು ನೂರಕ್ಕೆ ಒಂದೋ ಎರಡೋ ಮೂರೋ ಭಾಗ. ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಸಲ ಕೆಲಸ ಮಾಡಿಸಿ ಒಂದು ಸಲ ಸುಮ್ಮನಿರಿಸಿ, ಹೀಗೆ ಹತ್ತಾರು ಸಲ ಮಾಡಿ, ಒಂದರಿಂದ ಒಂದನ್ನು ಕಳೆದು, ಆ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬಂದಿದ್ದಾ ಅಲ್ವಾ ಅಂತ ಲೆಕ್ಕ ಹಾಕಿ, ಆಮೇಲೆ ಬಣ್ಣ ಬಳಿಯುತ್ತೇವೆ. ಅಂದರೆ ಅದು ಕ್ಯಾಮೆರಾ ತೆಗೆದ ಫೋಟೋ ಅಲ್ಲ. ಲೆಕ್ಕದ ಉತ್ತರಕ್ಕೆ ಬಣ್ಣ ಹಚ್ಚಿದ ನಕ್ಷೆ.

ಹೀಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ, ಒಂದು ದಿನ ನಮ್ಮ ಕೋಣೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬ ಹಿರಿಯರು ಬಂದಿದ್ದರು. ಮೆದುಳಿನ ಎಡಭಾಗದಲ್ಲಿ ಗಡ್ಡೆ. ಬಲಗೈ ಆಡಿಸುವ ಭಾಗಕ್ಕೆ ಅದು ಎಷ್ಟು ಹತ್ತಿರ ಇದೆ ಅಂತ ಸರ್ಜನ್‌ಗೆ ಗೊತ್ತಾಗಬೇಕಿತ್ತು. ಮೊದಲೇ ಚಹಾ ಕುಡಿಯಬೇಡಿ ಅಂತ ಹೇಳಿದ್ದೆವು, ಅದು ಯಾಕೆ ಅಂತ ಮುಂದೆ ಬರುತ್ತದೆ. ಒಳಗೆ ಮಲಗಿಸಿ, ತಲೆಯ ಎರಡೂ ಕಡೆ ಸ್ಪಂಜ್ ಇಟ್ಟು, 'ಶುರು ಅಂದಾಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಬೇಕು, ನಿಲ್ಲಿಸಿ ಅಂದಾಗ ನಿಲ್ಲಿಸಬೇಕು' ಅಂತ ಹೇಳಿದೆ. 'ಬೆರಳ ಎಣಿಸೂದ ಅಷ್ಟೇ ಏನ್ರಿ ಡಾಕ್ಟ್ರ? ಅದನ್ನ ದಿನಾ ಜಪಕ್ಕ ಕುಂತಾಗ ಮಾಡ್ತೀನಿ' ಅಂದರು. 20 ಸೆಕೆಂಡ್ ಬೆರಳು, 20 ಸೆಕೆಂಡ್ ಬಿಡುವು. ಮಷಿನ್ ಟಕ ಟಕ ಅಂತ ಬಡಿಯುತ್ತಿತ್ತು, ನಾನು ಗಾಜಿನ ಈಚೆ ಕೂತು ಅವರ ಬೆರಳನ್ನೇ ನೋಡುತ್ತಿದ್ದೆ. ಮೊದಲ ಸಲ ಬಂದ ಚಿತ್ರದಲ್ಲಿ ಮೆದುಳಿನ ಅಂಚಿನುದ್ದಕ್ಕೂ ಕೆಂಪು ಬಳೆ ಇತ್ತು. ಅದನ್ನು ನೋಡಿದ ಕೂಡಲೇ ಗೊತ್ತಾಯಿತು, ಬೆರಳಿನ ಜೊತೆ ತಲೆಯೂ ಒಂದಿಷ್ಟು ಆಡಿದೆ ಅಂತ. ಒಂದೆರಡು ಮಿಲಿಮೀಟರ್ ಆಡಿದರೂ ಸಾಕು, ಕೆಟ್ಟುಹೋಗುತ್ತದೆ. ಮತ್ತೆ ಮಾಡಿದೆವು.

ಎರಡನೇ ಸಲ ಸರಿ ಬಂತು. ಆಮೇಲೆ ನಾನು ಮಾಡಿದ್ದನ್ನು ಗಮನವಿಟ್ಟು ಓದಿ. ಸ್ಕ್ರೀನಿನ ಬದಿಯಲ್ಲಿ ಒಂದು ಗೀಟು ಇರುತ್ತದೆ, ಮೌಸ್‌ನಿಂದ ಮೇಲೆ ಕೆಳಗೆ ಎಳೆಯಬಹುದು. ಎಷ್ಟು ಗಟ್ಟಿ ವ್ಯತ್ಯಾಸ ಇದ್ದರೆ ಬಣ್ಣ ಹಚ್ಚಬೇಕು ಅಂತ ಹೇಳುವ ಗೀಟು ಅದು. ಮೇಲೆ ಎಳೆದೆ, ಎಡಭಾಗದಲ್ಲಿ ಕೈಯ ಜಾಗ ಅಂತ ನಾವು ಗುರುತಿಸುವ ಆ ಸಣ್ಣ ಉಬ್ಬಿನ ಮೇಲೆ ಕಡಲೆಕಾಳಿನಷ್ಟು ಕೆಂಪು ಉಳಿಯಿತು. ಕೆಳಗೆ ಎಳೆದೆ, ಅದು ಅಗಲವಾಗಿ ಗಡ್ಡೆಯ ಅಂಚಿಗೆ ಮುಟ್ಟಿತು. ಇನ್ನೂ ಕೆಳಗೆ ಎಳೆದರೆ ಅರ್ಧ ಮೆದುಳು ಜಾತ್ರೆಯ ಪೆಂಡಾಲಿನ ಹಾಗೆ ಬಣ್ಣ ಬಣ್ಣ. ಮನುಷ್ಯ ಅದೇ, ಸ್ಕ್ಯಾನ್ ಅದೇ, ಬೆರಳು ಅದೇ. ಬದಲಾದದ್ದು ನನ್ನ ಕೈಯಲ್ಲಿದ್ದ ಮೌಸ್ ಮಾತ್ರ. ನಿಮಗೆ ತೋರಿಸಿದ ಎರಡು ಫೋಟೋಗಳಲ್ಲಿ ಆ ಗೀಟು ಎಲ್ಲೆಲ್ಲಿ ಇತ್ತು ಅಂತ ಅವರನ್ನು ಕೇಳಿ. ಒಂದೇ ಹುಡುಗನ ಒಂದೇ ಸ್ಕ್ಯಾನಿನಿಂದ ನಾನು ಒಂದು ನಿಮಿಷದಲ್ಲಿ 'ಜಾಣ' ಫೋಟೋವನ್ನೂ ಮಾಡಬಲ್ಲೆ, 'ಹಿಂದೆ ಬಿದ್ದ' ಫೋಟೋವನ್ನೂ ಮಾಡಬಲ್ಲೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಗಡ್ಡೆ ಇರುವ ಮನುಷ್ಯನ ಕೈ ಉಳಿಸಲು ಇಷ್ಟು ಎಚ್ಚರಿಕೆಯಿಂದ ಬಳಸುವ ಚಿತ್ರವನ್ನು ತಂದು ಒಂದು ಮಗುವಿನ ಹಣೆಗೆ ಚೀಟಿ ಅಂಟಿಸಲು ಬಳಸುತ್ತಾರಲ್ಲ ಅಂತ.

ಆ ಹಿರಿಯರ ಚಿತ್ರದಲ್ಲೂ ನಾವು ಕೆಂಪನ್ನು ಕಣ್ಣು ಮುಚ್ಚಿ ನಂಬಲಿಲ್ಲ. ಗಡ್ಡೆಯ ಸುತ್ತಲಿನ ರಕ್ತನಾಳಗಳು ಹೇಳಿದ ಮಾತು ಕೇಳುವುದಿಲ್ಲ. ಕಾಲುವೆಯ ದಂಡೆ ಒಡೆದಿದ್ದರೆ ಹೊಲಕ್ಕೆ ನೀರು ಬರಲ್ಲ, ಹಾಗಂತ ಅಲ್ಲಿ ಬೆಳೆಯೇ ಇಲ್ಲ ಅಂತಲ್ಲ. ಹಾಗೆಯೇ ಬಣ್ಣ ಕಾಣದ ಜಾಗದಲ್ಲೂ ಜೀವಂತ ನರಕೋಶ ಇರಬಹುದು. ಅದಕ್ಕೇ ಇಂಥ ಜಾಗದಲ್ಲಿ ಸರ್ಜನ್‌ಗಳು ಆಪರೇಷನ್ ಟೇಬಲ್ ಮೇಲೆ ಸಣ್ಣ ಕರೆಂಟ್ ಕೊಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳುತ್ತಾರೆ. 'ನೀಲಿ ಇದೆ, ಅಂದರೆ ಕೆಲಸ ಮಾಡ್ತಿಲ್ಲ' ಅನ್ನುವ ಮಾತು ನಮ್ಮ ಕೋಣೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

ಸುಮ್ನೆ ಮಲಗಿದ ಮೆದುಳೂ ಖಾಲಿ ಕೂತಿರುವುದಿಲ್ಲ, ಗೇಟು ಇಳಿಸಿದರೂ ದೊಡ್ಡ ಕಾಲುವೆ ಹರಿಯುತ್ತಲೇ ಇರುವ ಹಾಗೆ. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಜೊತೆಯವರು, ಏನೂ ಕೆಲಸ ಕೊಡದೆ ಮಲಗಿಸಿದಾಗಲೂ ಎಡಗೈ ಮತ್ತು ಬಲಗೈ ಆಡಿಸುವ ಭಾಗಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ ಅಂತ ತೋರಿಸಿದರು. ಒಂದು ಕೆಲಸಕ್ಕೆ ಅಂತ ಹೆಚ್ಚುವರಿಯಾಗಿ ಖರ್ಚಾಗುವ ಶಕ್ತಿ ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಕಮ್ಮಿ. ನಾವು ಮೆದುಳಿನ ಹತ್ತನೇ ಒಂದು ಭಾಗ ಮಾತ್ರ ಬಳಸುತ್ತೇವೆ ಅಂತಲೂ ಆ ಸೆಂಟರಿನವರು ಹೇಳಿರಬಹುದು, ಅದೂ ಸುಳ್ಳು.

ಹಾಗಾದರೆ ಸಂಶೋಧಕರು 'ಲೆಕ್ಕ ಮಾಡುವಾಗ ಈ ಭಾಗ ದುಡಿಯುತ್ತದೆ' ಅಂತ ಬರೆಯುವುದು ಸುಳ್ಳಾ? ಅಲ್ಲ. ಅದು ಗುಂಪಿನ ಮಾತು. ಇಪ್ಪತ್ತೋ ಮೂವತ್ತೋ ಜನರನ್ನು ಸ್ಕ್ಯಾನ್ ಮಾಡಿ ಸರಾಸರಿ ತೆಗೆದಾಗ ಕಂಡದ್ದು. ನಿಮ್ಮ ತಾಲೂಕಿನ ಸರಾಸರಿ ಇಳುವರಿ ಎಕರೆಗೆ ಇಷ್ಟು ಟನ್ ಅಂತ ಯಾರೋ ಹೇಳಿದರೆ ನಿಮ್ಮ ಹೊಲದ ಮಣ್ಣು ಹೇಗಿದೆ ಅಂತ ಅವರಿಗೆ ಗೊತ್ತಾಯಿತಾ? ಮೆದುಳಿನ ಚಿತ್ರಕ್ಕೂ ಬುದ್ಧಿ, ಸ್ವಭಾವ ಇಂಥವಕ್ಕೂ ಇರುವ ಸಂಬಂಧ ಎಷ್ಟು ತೆಳುವಾದದ್ದು ಅಂದರೆ, 2022ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಇಂಥ ಸಂಬಂಧವನ್ನು ನಂಬಬಹುದಾದ ಹಾಗೆ ಹಿಡಿಯಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕು ಅಂತ ತೋರಿಸಿತು. ಸಾವಿರಾರು ಜನರಲ್ಲಿ ಕಷ್ಟಪಟ್ಟು ಕಾಣುವುದನ್ನು ಒಬ್ಬ ಹುಡುಗನಲ್ಲಿ ನೋಡಿ ಹೇಳುತ್ತೇವೆ ಅಂತ ಯಾರಾದರೂ ಅಂದರೆ ನಂಬಬೇಡಿ. ಮಗನಿಗೆ ಇನ್ನೊಂದು ವಿಷಯ ಹೇಳಿ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಎಂಆರ್‌ಐನಲ್ಲಿ ಇಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ ಸ್ಕ್ಯಾನ್ ಮಾಡಿದರು. ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿ ಬಿಟ್ಟರೆ ಸತ್ತ ಮೀನಿನ ಮೆದುಳಿನಲ್ಲೂ ಕೆಂಪು ಚುಕ್ಕೆ ಬಂತು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದರೆ ಕೆಲವು ಸುಮ್ನೆ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತವೆ, ಎಚ್ಚರ ಇರಲಿ ಅಂತ ತಮ್ಮ ಕ್ಷೇತ್ರದವರಿಗೇ ತೋರಿಸಲು ಅವರು ಮಾಡಿದ ಕೆಲಸ ಅದು.

ಇದೇ ತರದ ಆತುರ ಪೊಲೀಸ್ ತನಿಖೆಯಲ್ಲೂ ನಡೆದಿತ್ತು. ಆಪಾದಿತನ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡಿ ಸುಳ್ಳು ಹಿಡಿಯುತ್ತೇವೆ ಅನ್ನುತ್ತಿದ್ದರು. ನಮ್ಮ ರಾಜ್ಯದ್ದೇ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಅಂತ ಹೇಳಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ರಕ್ತ ಜಾಸ್ತಿ ಹೋದರೆ ಬುದ್ಧಿ ಜಾಸ್ತಿ ಆಗುತ್ತಾ ಅನ್ನುವುದು. ಇದಕ್ಕೆ ನೇರ ಉತ್ತರ 1955ರಲ್ಲೇ ಸಿಕ್ಕಿದೆ. ಸೊಕೊಲಾಫ್, ಕೆಟಿ ಮತ್ತು ಜೊತೆಯವರು ಜನರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡಲು ಹೇಳಿ, ಇಡೀ ಮೆದುಳಿಗೆ ಹೋಗುವ ಒಟ್ಟು ರಕ್ತವನ್ನೂ ಅದು ಬಳಸುವ ಆಮ್ಲಜನಕವನ್ನೂ ಅಳೆದರು. ಒಟ್ಟು ಮೊತ್ತ ಬದಲಾಗಲೇ ಇಲ್ಲ. ಹಂಚಿಕೆ ಒಳಗೊಳಗೇ ಬದಲಾಗುತ್ತದೆ, ಇಲ್ಲಿ ಒಂಚೂರು ಜಾಸ್ತಿ, ಅಲ್ಲಿ ಒಂಚೂರು ಕಮ್ಮಿ. ಬಿಪಿ ಸ್ವಲ್ಪ ಏರಲಿ ಇಳಿಯಲಿ, ಮೆದುಳಿನ ರಕ್ತನಾಳಗಳು ತಾವೇ ಹಿಗ್ಗಿ ಕುಗ್ಗಿ ಹರಿವನ್ನು ಒಂದೇ ಸಮ ಇಟ್ಟುಕೊಳ್ಳುತ್ತವೆ. ಅದನ್ನು ಮೀರಿ ಹೆಚ್ಚಿಸುವುದು ಕಷ್ಟವೇನಲ್ಲ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದರೆ ಸಾಕು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮೆದುಳಿನ ರಕ್ತನಾಳ ಹಿಗ್ಗಿ ಹರಿವು ಜಾಸ್ತಿ ಆಗುತ್ತದೆ. ಅದರಿಂದ ಯಾರಿಗೂ ಲೆಕ್ಕ ಬರುವುದಿಲ್ಲ. ಉಲ್ಟಾ ನೋಡಿ, ಎರಡು-ಮೂರು ಕಪ್ ಕಾಫಿಯಷ್ಟು ಕೆಫೀನ್ ಕುಡಿದರೆ ಮೆದುಳಿನ ರಕ್ತದ ಹರಿವು ಐದನೇ ಒಂದು ಭಾಗ ಅಥವಾ ಅದಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಓದಲು ಕೂತವರು ಎಚ್ಚರ ಇರಲಿ ಅಂತ ಕುಡಿಯುವುದು ಅದನ್ನೇ ಅಲ್ವಾ? ಚಹಾದಲ್ಲೂ ಕೆಫೀನ್ ಇದೆ, ಆ ಹಿರಿಯರಿಗೆ ಚಹಾ ಬೇಡ ಅಂದದ್ದು ಇದಕ್ಕೇ. ರಕ್ತಹೀನತೆ ಇರುವವರಲ್ಲಿ ಮೆದುಳಿಗೆ ಹೋಗುವ ರಕ್ತದ ಹರಿವು ಹೆಚ್ಚಿರುತ್ತದೆ, ಯಾಕೆಂದರೆ ತೆಳು ರಕ್ತದಲ್ಲಿ ಆಮ್ಲಜನಕ ಕಮ್ಮಿ, ಅದನ್ನು ಸರಿದೂಗಿಸಲು ಜಾಸ್ತಿ ಹರಿಯಬೇಕು. ಆ ಹೆಚ್ಚಳ ಜಾಣತನದ್ದಲ್ಲ, ಕೊರತೆಯದ್ದು.

ಇನ್ನೂ ಒಂದು. 1992ರಲ್ಲಿ ರಿಚರ್ಡ್ ಹೇಯರ್ ತಂಡ ಕಂಪ್ಯೂಟರಿನ ಟೆಟ್ರಿಸ್ ಆಟವನ್ನು ಹೊಸದಾಗಿ ಕಲಿಯುವವರನ್ನು ಪೆಟ್ ಸ್ಕ್ಯಾನ್ ಮಾಡಿತು. ವಾರಗಟ್ಟಲೆ ಆಡಿ ಕೈ ಪಳಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ಅವರ ಆಟ ಎಷ್ಟೋ ಸುಧಾರಿಸಿತ್ತು, ಮೆದುಳು ಸುಡುವ ಸಕ್ಕರೆ ಮಾತ್ರ ಕಮ್ಮಿ ಆಗಿತ್ತು. ಹೊಸಬ ಕಬ್ಬು ಕಡಿಯುವಾಗ ಮೈಯೆಲ್ಲ ಬೆವರು, ಹಳಬ ಒಂದೇ ಏಟಿಗೆ ಬುಡಕ್ಕೆ ಕಡಿದು ಮುಂದೆ ಹೋಗುತ್ತಾನೆ. ಹಾಗಿರುವಾಗ ಕೆಂಪು ಜಾಸ್ತಿ ಇದ್ದವನೇ ಜಾಣ ಅನ್ನುವುದು ಹೇಗೆ? ಕೆಲವು ಸಲ ತಡಕಾಡುತ್ತಿರುವವನ ಚಿತ್ರದಲ್ಲೇ ಕೆಂಪು ಜಾಸ್ತಿ ಇರುತ್ತದೆ.

ಮೆದುಳಿನ ರಕ್ತದ ಹರಿವು ನಿಜವಾಗಿ ಜೀವ ಸಾವಿನ ಪ್ರಶ್ನೆ ಆಗುವುದು ಲಕ್ವಾ ಹೊಡೆದಾಗ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ 50 ಮಿಲಿಲೀಟರ್ ಅಂದದ್ದು ನೆನಪಿದೆಯಲ್ಲ? ರಕ್ತನಾಳ ಕಟ್ಟಿಕೊಂಡು ಅದು 20ಕ್ಕಿಂತ ಕೆಳಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಇನ್ನೂ ಸತ್ತಿರುವುದಿಲ್ಲ. 10ರ ಆಸುಪಾಸಿಗೆ ಇಳಿದರೆ ಬೇಗ ಸಾಯುತ್ತದೆ. ಈ ನಡುವೆ ಇರುವ, ಒಣಗುತ್ತಿದ್ದರೂ ಬೇರು ಹಸಿ ಇರುವ ಭಾಗವನ್ನು ಉಳಿಸಲು ನಮಗೆ ಸಿಗುವುದು ಕೆಲವೇ ಗಂಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಬಾಯಿ ಸೊಟ್ಟ ಆದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧ ಕೊಡುವವರು, ಮಾಲೀಸು ಮಾಡುವವರು ಅಂತ ಸುತ್ತಬೇಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಗಾಡಿ ಓಡಿಸಿ. ನೀವು ಕೇಳಿದ್ದು ಇದಲ್ಲ, ಗೊತ್ತು. ಆದರೆ ಸಂಜೆ ಕೈ ಸೋತವರನ್ನು ಮರುದಿನ ಮಧ್ಯಾಹ್ನ ಕರೆತರುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ ಅಂದರೆ, ಮೆದುಳಿನ ರಕ್ತದ ಮಾತು ಬಂದಾಗ ಇದನ್ನು ಹೇಳದೆ ಬಿಡಲು ಆಗಲ್ಲ.

ಈಗ ನಿಮ್ಮ ಮಗ. ಅವನಿಗೆ ಫಂಕ್ಷನಲ್ ಎಂಆರ್‌ಐ ಬೇಕಿಲ್ಲ. ಎಂಆರ್‌ಐನಿಂದ ಮೈಗೆ ಎಕ್ಸ್‌ರೇ ತರದ ವಿಕಿರಣವೇನೂ ತಾಗುವುದಿಲ್ಲ, ಹೆದರಿಕೆಗಾಗಿ ಬೇಡ ಅನ್ನುತ್ತಿಲ್ಲ. ಅದರಿಂದ ಅವನ ಬಗ್ಗೆ ಏನೂ ಗೊತ್ತಾಗಲ್ಲ, ಅದಕ್ಕೆ ಬೇಡ. ಗೊತ್ತಾಗಬೇಕಾದ್ದರ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಟನ್ ಲೆಕ್ಕ, ಕೂಲಿ ಲೆಕ್ಕ ಬಾಯಲ್ಲೇ ಹೇಳುತ್ತಾನೆ ಅಂದಿರಿ. ಅಂದರೆ ಸಂಖ್ಯೆಯ ಅಂದಾಜು ಅವನಿಗೆ ಚೆನ್ನಾಗಿದೆ. ಕಾಗದದ ಮೇಲೆ ಬಂದಾಗ ಮಾತ್ರ ತಪ್ಪುತ್ತಿದೆ. ತೊಡಕು ಲೆಕ್ಕದಲ್ಲಿ ಇಲ್ಲದೆ ಓದುವುದರಲ್ಲಿ, ಬರೆಯುವುದರಲ್ಲಿ ಅಥವಾ ಕಾಣುವುದರಲ್ಲಿ ಇರಬಹುದು. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬೋರ್ಡ್ ಮೇಲಿನ ಅಂಕಿ ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವ ಮಕ್ಕಳು ಕಡಿಮೆ ಇಲ್ಲ, ಎಷ್ಟೋ ಸಲ ಅವರಿಗೇ ತಮಗೆ ಸರಿಯಾಗಿ ಕಾಣಲ್ಲ ಅಂತ ಗೊತ್ತಿರುವುದಿಲ್ಲ. ಹಿಮೋಗ್ಲೋಬಿನ್ ನೋಡಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ, ನೀರಿನ ಪಾಳಿಗೆ ನಿಮ್ಮ ಜೊತೆ ಎದ್ದು ಹೊಲಕ್ಕೆ ಬರುತ್ತಾನಾ, ಅದನ್ನೂ ನೋಡಿ.

ಆಮೇಲೆ ಮನೆಯಲ್ಲೇ ಒಂದು ಕೆಲಸ ಮಾಡಿ. ಗಣಿತ ಪುಸ್ತಕದಿಂದ ಒಂದು ಉದ್ದದ ಲೆಕ್ಕ ಆರಿಸಿ, ಗಟ್ಟಿಯಾಗಿ ಓದಲು ಹೇಳಿ. ಓದುವಾಗ ಎಡವುತ್ತಾನಾ, ಸಾಲು ತಪ್ಪುತ್ತಾನಾ, 36 ಅನ್ನು 63 ಅಂತಾನಾ, ಸುಮ್ಮನೆ ಕೇಳಿಸಿಕೊಳ್ಳಿ, ನಡುವೆ ಗದರಬೇಡಿ. ಆಮೇಲೆ ಅದೇ ಲೆಕ್ಕವನ್ನು ನೀವೇ ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳಿ. ನೀವು ಓದಿದಾಗ ಉತ್ತರ ಬಂದು, ಅವನೇ ಓದಿದಾಗ ಬರದಿದ್ದರೆ ಕಲಿಕೆಯ ತೊಡಕು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರನ್ನು ಕಾಣಿ. ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಸಂಸ್ಥೆ) ನಿಮಗೆ ತೀರಾ ದೂರವೇನಲ್ಲ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ಮೊದಲು ವಿಚಾರಿಸಬಹುದು. ಫೋನಿನಲ್ಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ದುಡ್ಡಿಲ್ಲ. ಮನಶ್ಶಾಸ್ತ್ರಜ್ಞರು ಮಾಡುವ ಪರೀಕ್ಷೆ ಪೆನ್ಸಿಲು ಕಾಗದದ್ದು, ಬಣ್ಣದ ಫೋಟೋ ಬರುವುದಿಲ್ಲ. ಓದು, ಬರವಣಿಗೆ, ಲೆಕ್ಕದ ನಿರ್ದಿಷ್ಟ ಕಲಿಕೆ ತೊಡಕು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಹಾಗಾಗಿ ಅಂಥದ್ದು ಇದ್ದರೆ, ಪರೀಕ್ಷೆಯಲ್ಲಿ ಏನಾದರೂ ಅನುಕೂಲ ಸಿಗುತ್ತದಾ ಅಂತ ಎಸ್ಸೆಸ್ಸೆಲ್ಸಿಗೆ ಮೊದಲೇ ಶಾಲೆಯವರ ಜೊತೆ ಮಾತಾಡಿ, ಅವನು ಇನ್ನೂ ಒಂಬತ್ತನೇ ಕ್ಲಾಸಿನಲ್ಲಿದ್ದಾನೆ, ಹೊತ್ತಿದೆ.

ಗಟ್ಟಿಯಾಗಿ ಓದಿಸಿದಾಗ ಏನಾಯಿತು ಅಂತ ನನಗೆ ಬರೆಯಿರಿ. ಸಾಧ್ಯವಾದರೆ ಅವನೇ ಬರೆದ ಲೆಕ್ಕದ ಪುಸ್ತಕದ ಎರಡು ಹಾಳೆ ಫೋಟೋ ತೆಗೆದು ಕಳಿಸಿ, ಕೆಂಪು ಶಾಯಿಯಲ್ಲಿ ತಪ್ಪು ಹಾಕಿರುವ ಹಾಳೆಗಳನ್ನೇ.